ಹಿಂದಿನ ಸೀಟಿನ ಅಳತೆ

ಆ ಮನೆಯಲ್ಲಿ ಯಾರೂ ಯಾರನ್ನೂ ಏನನ್ನೂ ಕೇಳುತ್ತಿರಲಿಲ್ಲ. ಅದು ಕೆಳಗಿನ ಅಂಗಡಿಯಿಂದ ಮೆಟ್ಟಿಲು ಹತ್ತಿ ಮನೆಯೊಳಕ್ಕೆ ಬಂದ ಅಭ್ಯಾಸ. ದರ್ಜಿಯಾದ ಅಪ್ಪ ಟೇಪು ಹಿಡಿದು ಅಳತೆ ಕೂಗುತ್ತಿದ್ದ. ಮಗಳು ಹತ್ತು ವರ್ಷದವಳಿದ್ದಾಗಿನಿಂದ ಪಕ್ಕದಲ್ಲಿ ನಿಂತು ಅಳತೆಪುಸ್ತಕದಲ್ಲಿ ಬರೆದುಕೊಳ್ಳುತ್ತಿದ್ದಳು. ಗಿರಾಕಿಯ ಸೊಂಟ ಒಂದೇ ವರ್ಷದಲ್ಲಿ ನಾಲ್ಕಿಂಚು ಏರಿರಲಿ, ಕಾಯಿಲೆಯಿಂದ ಎದೆ ಒಳಸರಿದಿರಲಿ, ತುಟಿಪಿಟಕ್ಕೆನ್ನುವಂತಿರಲಿಲ್ಲ. "ಕೂಗಿದ್ದನ್ನ ಬರಿ. ಮುಖ ನೋಡಬೇಡ" ಎನ್ನುತ್ತಿದ್ದ ಅಪ್ಪ.

ಆದ್ದರಿಂದಲೇ ಆರು ವಾರದ ಹಿಂದೆ ಅವಳು ಇಬ್ಬರು ಹೆಣ್ಣುಮಕ್ಕಳನ್ನು ಕಟ್ಟಿಕೊಂಡು ಬಾಗಿಲಲ್ಲಿ ನಿಂತು, "ಒಂದು ವಾರ ಇದ್ದು ಹೋಗೋಣ ಅಂತ ಬಂದೆ" ಎಂದಾಗ ಅಮ್ಮ ಕೇಳಿದ್ದು ಒಂದೇ: "ಮಕ್ಕಳದ್ದು ಊಟ ಆಯ್ತಾ?" ಗಂಡನ ಹೆಸರು ಆ ಹೊತ್ತಿಗೂ ಬರಲಿಲ್ಲ, ಆಮೇಲೂ ಬರಲಿಲ್ಲ. ಅವಳಾಗಿಯೂ ಬಾಯಿ ಬಿಡಲಿಲ್ಲ. ಬಿಡುವ ಅಗತ್ಯವೇನಿತ್ತು? ಗಂಡನ ಕಾರಿನಿಂದ ಮಕ್ಕಳನ್ನು ಕೂರಿಸಿ ಬೆಲ್ಟು ಬಿಗಿಯುವ ಸೀಟು ಎರಡನ್ನೂ ಬಿಚ್ಚಿ ಟ್ಯಾಕ್ಸಿಯಲ್ಲಿ ಹೇರಿಕೊಂಡು ತಂದಿದ್ದಳು. ಒಂದು ವಾರಕ್ಕೆಂದು ಬರುವವಳು ಅದನ್ನೆಲ್ಲ ಹೊತ್ತು ತರುತ್ತಾಳೆಯೇ? ಕಣ್ಣಿದ್ದವರಿಗೆ ಅಷ್ಟು ಸಾಕು ಎಂದುಕೊಂಡಿದ್ದಳು. ಅಮ್ಮ ಮಾರನೆಯ ದಿನವೇ ಅವನ್ನು ಮೆಟ್ಟಿಲ ಕೆಳಗೆ ತಳ್ಳಿ, ಮೇಲೊಂದು ಹಳೇ ಚಾದರ ಹೊದಿಸಿದ್ದಳು. ಧೂಳು ಕೂರದಿರಲಿ ಅಂತ ಇರಬೇಕು.

ನಾಲ್ಕನೇ ವಾರ ಅಪ್ಪ ದೊಡ್ಡ ಮೊಮ್ಮಗಳಿಗೆ ಕೆಂಪು ಕೋಟು ಹೊಲಿದ. ಬೆಳೆಯುವ ಮಕ್ಕಳ ಬಟ್ಟೆಯಲ್ಲಿ ಅವನು ಯಾವಾಗಲೂ ಮಾಡುವಂತೆ ತೋಳಿನ ಅಂಚಿನೊಳಗೆ ಎರಡು ಬೆರಳು ಬಟ್ಟೆ ಬಿಟ್ಟ. ಬರುವ ವರ್ಷ ಹೊಲಿಗೆ ಬಿಚ್ಚಿ ಉದ್ದ ಮಾಡಬಹುದು. ಆ ರಾತ್ರಿ ಅವಳು ಅಂಚನ್ನು ಬೆರಳಲ್ಲಿ ಒತ್ತಿ ಒತ್ತಿ ನೋಡಿದ್ದಳು. ಬರುವ ವರ್ಷ.

ಅಂಗಡಿಯ ಹಳೆಯ ವ್ಯಾನು ಕೈಕೊಟ್ಟಾಗ ಅಪ್ಪ ಕಾರಿನ ಮಾತೆತ್ತಿದ. ಎರಡನ್ನು ಆರಿಸಿಟ್ಟಿದ್ದ: ಒಂದು ಚಿಕ್ಕ ಕ್ರಾಸ್‌ಓವರ್ ಕಾರು, ಇನ್ನೊಂದು ಅದರ ಮೇಲಿನದು, ಮಧ್ಯಮ ಗಾತ್ರದ್ದು. "ನೀನೂ ಬಾ. ಬರ್ಕೊಳ್ಳೋಕೆ ಯಾರಾದ್ರೂ ಬೇಕು" ಎಂದ. ಅವಳು ಅಳತೆಪುಸ್ತಕ ತೆಗೆದುಕೊಂಡಳು. ಹೊರಡುವ ಮೊದಲು ಮೆಟ್ಟಿಲ ಕೆಳಗೆ ಬಗ್ಗಿ, ಚಾದರ ಸರಿಸಿ, ಮಕ್ಕಳ ಸೀಟಿನ ಅಗಲ ಅಳೆದಳು. ಹದಿನೇಳು ಇಂಚು. ಎರಡಕ್ಕೆ ಮೂವತ್ನಾಲ್ಕು. ಹಾಳೆಯ ತಲೆಯ ಮೇಲೆ ಬರೆದಿಟ್ಟುಕೊಂಡಳು.

ಶೋರೂಮಿನ ಹೊಳೆಯುವ ನೆಲದ ಮೇಲೆ ಎರಡೂ ಕಾರು ಅಕ್ಕಪಕ್ಕ ನಿಂತಿದ್ದವು. ಚಿಕ್ಕದು ಬೂದು, ದೊಡ್ಡದು ಬಿಳಿ. ಮಾರುವವನು ಕೈ ಉಜ್ಜಿಕೊಳ್ಳುತ್ತ ಬಂದ.

"ಚಿಕ್ಕದಾದ್ರೂ ಎತ್ತರ ಇದೆ ನೋಡಿ ಸಾರ್. ಹತ್ತಿ ಇಳಿಯೋಕೆ ಸಲೀಸು. ಸೊಂಟಕ್ಕೆ ಒಳ್ಳೇದು."

"ಸೊಂಟದ ವಿಷಯ ನನಗೆ ಹೇಳ್ಬೇಡಿ ಸ್ವಾಮಿ. ನಲವತ್ತು ವರ್ಷದಿಂದ ಅದನ್ನೇ ಅಳೀತಿದೀನಿ" ಎಂದ ಅಪ್ಪ. "ಅಂದಹಾಗೆ, ನಿಮ್ಮ ಕೋಟು ಎಡಗಡೆ ಭುಜದಲ್ಲಿ ಅರ್ಧ ಇಂಚು ಇಳಿದಿದೆ. ಯಾರು ಹೊಲಿದಿದ್ದು?"

"ರೆಡಿಮೇಡ್ ಸಾರ್."

"ಅದೇ ಅಂದ್ಕೊಂಡೆ."

ಅಮ್ಮ ಬಾಯಿಗೆ ಕೈ ಅಡ್ಡ ಹಿಡಿದು ನಕ್ಕಳು. ಅವಳೂ ನಕ್ಕಳು, ಅಪ್ಪನೂ ನಕ್ಕ. ಆರು ವಾರದಲ್ಲಿ ಮೂವರೂ ಒಟ್ಟಿಗೆ ನಕ್ಕಿದ್ದು ಅದೇ ಮೊದಲು.

ಅಪ್ಪ ಕೊರಳಿನಿಂದ ಟೇಪು ತೆಗೆದು ಬೂದು ಕಾರಿನ ಹಿಂದಿನ ಸೀಟಿಗೆ ತೂರಿಕೊಂಡ. ಇನ್ನೊಂದು ತುದಿಯನ್ನು ಅವಳು ಹಿಡಿದಳು. "ನಲವತ್ತೊಂಬತ್ತು" ಎಂದು ಕೂಗಿದ. ಬರೆದಳು, ಮೂವತ್ನಾಲ್ಕು ಕಳೆದಳು. ಹದಿನೈದು. ಹದಿನೈದು ಇಂಚಿನಲ್ಲಿ ಅವಳು ಕೂರುವಂತಿರಲಿಲ್ಲ. ತನ್ನ ಅಳತೆ ಅವಳಿಗೆ ಗೊತ್ತಿತ್ತು. ಬಿಳಿ ಕಾರಿನಲ್ಲಿ ಅಪ್ಪ, "ಐವತ್ನಾಲ್ಕು" ಎಂದ. ಇಪ್ಪತ್ತು ಉಳಿಯಿತು. ಇಪ್ಪತ್ತರಲ್ಲಿ ಧಾರಾಳವಾಗಿ ಕೂರಬಹುದು. ಮುಂದೆ ಅಪ್ಪ, ಅಮ್ಮ. ಹಿಂದೆ ಆಚೆಗೊಂದು ಈಚೆಗೊಂದು ಮಗು, ನಡುವೆ ತಾನು. ಅಪ್ಪ ಒಳ್ಳೆಯ ಬಟ್ಟೆಯನ್ನು ಮುಟ್ಟಿ ನೋಡುವ ಹಾಗೆ ಸೀಟಿನ ಮೇಲೆ ಅಂಗೈ ಆಡಿಸಿದ. ಅವಳ ಎದೆ ಹಗುರಾಯಿತು. ಕೊನೆಗೂ ಕೇಳದೆ, ಹೇಳದೆ, ಎಲ್ಲ ಸರಿಹೋಗುತ್ತಿದೆ ಎನ್ನಿಸಿತು.

ಐದು ವರ್ಷದ ದೊಡ್ಡವಳು ಬಿಳಿ ಕಾರಿನ ಬಾಗಿಲಿಗೆ ಜೋತುಬಿದ್ದಳು. "ತಾತಾ, ಇದೇ! ಇದೇ ಇರ್ಲಿ!"

"ಇಳಿ ಪುಟ್ಟಾ, ಗೀರು ಬೀಳತ್ತೆ" ಎಂದಳು ಅಮ್ಮ.

ಮಾರುವವನು ಕಾಗದ, ಪೆನ್ನು ಹಿಡಿದು ಬಂದ. "ಎರಡೂ ಒಳ್ಳೇ ಗಾಡಿನೇ ಸಾರ್. ಇದನ್ನ ತೀರ್ಮಾನ ಮಾಡೋದು ಬಹಳ ಸುಲಭ. ಹೇಳಿ, ಮನೇಲಿ ಎಷ್ಟು ಜನ?"

ಆರು ವಾರದಿಂದ ಆ ಮನೆಯಲ್ಲಿ ಯಾರೂ ಕೇಳದ ಪ್ರಶ್ನೆಯನ್ನು ಯಾರೋ ಹೊರಗಿನವನು ಪೆನ್ನಿನ ತುದಿಯಿಂದ ಕಿವಿ ಕೆರೆದುಕೊಳ್ಳುತ್ತ ಕೇಳಿಬಿಟ್ಟಿದ್ದ.

ಅಮ್ಮ ತನ್ನ ಚೀಲದ ಜಿಪ್ಪು ಎಳೆದಳು, ಮತ್ತೆ ಮುಚ್ಚಿದಳು. ಅಪ್ಪ ಟೇಪನ್ನು ಬೆರಳಿಗೆ ಸುತ್ತುತ್ತ ತಲೆಯೆತ್ತಿ ಮಗಳ ಮುಖ ನೋಡಿದ. ಮುಖ ನೋಡಬೇಡ ಎಂದು ಕಲಿಸಿದವನು ನೇರವಾಗಿ, ರೆಪ್ಪೆ ಬಡಿಯದೆ ನೋಡಿದ. 'ನಾವು ವಾಪಸ್ ಹೋಗಲ್ಲಪ್ಪ.' ಅವಳು ಹೇಳಬೇಕಾದದ್ದು ಇಷ್ಟೇ ಮಾತು. ಬಂದ ದಿನದಿಂದ ನಾಲಿಗೆಯ ಮೇಲೆ ಇಟ್ಟುಕೊಂಡು ತಿರುಗುತ್ತಿದ್ದಳು. ಈಗಲೂ ಅಲ್ಲೇ ಇತ್ತು. ಅಪ್ಪನೇ ಹೇಳಲಿ, ಅವನ ಬಾಯಲ್ಲೇ 'ಐದು' ಎಂದು ಬರಲಿ ಎಂದು ಅವಳು ಕಾದಳು. ಅವನ ನೋಟ ತಡೆಯಲಾಗದೆ ಪುಸ್ತಕದತ್ತ ತಲೆ ತಗ್ಗಿಸಿದಳು.

"ಇಬ್ಬರು" ಎಂದ ಅಪ್ಪ.

ಅಳತೆ ಕೂಗುವ ದನಿಯಲ್ಲೇ ಅಂದ. ಹತ್ತನೇ ವಯಸ್ಸಿನಿಂದ ಪಳಗಿದ ಅವಳ ಕೈ ಹಾಳೆಯ ಕೊನೆಯಲ್ಲಿ '2' ಎಂದು ಬರೆದೂಬಿಟ್ಟಿತು.

ಮಾರುವವನ ಕಣ್ಣು ಮಕ್ಕಳ ಕಡೆ ಹೊರಳಿತು. "ಇವರು?"

"ಮೊಮ್ಮಕ್ಕಳು" ಅಮ್ಮ ಅವಸರದಲ್ಲಿ ಎಂದಳು. "ರಜಕ್ಕೆ ಬಂದಿದಾರೆ."

ಅದು ಯಾವ ಶಾಲೆಗೂ ರಜವಿಲ್ಲದ ತಿಂಗಳು. ಮಾರುವವನಿಗೆ ಅದೆಲ್ಲ ಏಕೆ? "ಹಾಗಿದ್ರೆ ಯೋಚನೆನೇ ಬೇಡ ಸಾರ್, ಚಿಕ್ಕದೇ ಸರಿ. ಇಬ್ಬರಿಗೆ ಅದೇ ಹೆಚ್ಚು" ಎಂದು ಬೂದು ಕಾರಿನ ಬೆನ್ನು ತಟ್ಟಿದ.

"ನಮ್ಮ ಬೀದಿಲಿ ನಿಲ್ಲಿಸೋಕೂ ಅದೇ ವಾಸಿ" ಎಂದಳು ಅಮ್ಮ. ಯಾರೂ ಅವಳನ್ನು ಕೇಳಿರಲಿಲ್ಲ.

ವಾಪಸ್ ಬಸ್ಸಿನಲ್ಲಿ ಅಪ್ಪ ಮುಂದಿನ ಸೀಟಿನಲ್ಲಿ ಒಬ್ಬನೇ ಕೂತು ಕಿಟಕಿಯಾಚೆ ನೋಡುತ್ತಿದ್ದ. ಅವನ ಕತ್ತಿನ ಹಿಂಭಾಗ ಮಾತ್ರ ಅವಳಿಗೆ ಕಾಣುತ್ತಿತ್ತು. ಕಾಲರಿನ ಮೇಲೆ ಟೇಪು ಹಾಗೇ ಜೋತಾಡುತ್ತಿತ್ತು. ಚಿಕ್ಕವಳು ತೊಡೆಯ ಮೇಲೆ ನಿದ್ದೆಹೋಗಿದ್ದಳು.

"ಅಮ್ಮಾ, ತಾತ ಯಾವುದು ತಗೊಂಡ್ರು?" ದೊಡ್ಡವಳು ಕೇಳಿದಳು.

"ಚಿಕ್ಕದು."

"ಅದ್ರಲ್ಲಿ ನಾವೆಲ್ಲಿ ಕೂತ್ಕೊಳ್ಳೋದು?"

ಅಪ್ಪನ ಕತ್ತು ಅಲುಗಲಿಲ್ಲ. ಅಮ್ಮ ಪಕ್ಕದ ಸೀಟಿನಿಂದ ಬಾಗಿ ಮಗುವಿನ ಕೆಂಪು ಕೋಟನ್ನು ಸರಿಮಾಡಿದಳು. ತೋಳಿನ ಅಂಚನ್ನು ಹೊರಳಿಸಿ, ಒಳಗಿನ ಬಟ್ಟೆಯನ್ನು ಹೆಬ್ಬೆರಳಲ್ಲಿ ಸವರಿ ಮಗಳಿಗೆ ತೋರಿಸಿದಳು.

"ನೋಡಿಟ್ಕೋ, ಇಲ್ಲಿ ಎರಡು ಬೆರಳು ಬಿಟ್ಟಿದಾರೆ ನಿಮ್ಮಪ್ಪ" ಎಂದಳು ಮೆಲ್ಲಗೆ, ಮಗಳ ಮುಖ ನೋಡದೆ. "ಬರೋ ವರ್ಷ ಗಿಡ್ಡ ಆದ್ರೆ ಬಿಚ್ಚಿಸ್ಕೋ. ಅಲ್ಲೂ ದರ್ಜಿಗಳು ಇರ್ತಾರಲ್ಲ."