ಚೌಕಟ್ಟಿನ ಮೇಲೆ ನಾಲ್ಕು ಬೆರಳು

ಬಿಸಿಲು ಮೊಳೆಯ ಹತ್ತಿರ ಬಂತು, ಇನ್ನೊಂದು ಗೇಣು, ಅಷ್ಟು ದಾಟಿದರೆ ಮೊಳೆಯ ನೆರಳು ಗೋಡೆಯ ಮೇಲೆ ಕಡ್ಡಿಯ ಹಾಗೆ ಬೀಳುತ್ತದೆ, ಆಗ ಹತ್ತು ಗಂಟೆ, ನನಗೆ ಗಡಿಯಾರ ಬೇಕಿಲ್ಲ ನೋಡಿ, ಬಿಸಿಲೇ ಗಡಿಯಾರ, ಅಂತ ಬಂದವರಿಗೆಲ್ಲ ಹೇಳುತ್ತಿದ್ದೆ, ಅವರು ಪುಸ್ತಕ ತೆಗೆದು ಬರೆದುಕೊಳ್ಳುತ್ತಿದ್ದರು, ಗಡಿಯಾರ ಇತ್ತಲ್ಲ, ಬಾಗಿಲಾಚೆ ಮೆಟ್ಟಿಲ ಮೇಲೆ, ಅಕ್ಕನ ಕೈಲಿದ್ದ ಮೂಟೆಯೊಳಗೆ ಟಿಕ್ ಟಿಕ್ ಅನ್ನುತ್ತಿತ್ತು, ನನಗೆ ಕೇಳುತ್ತಿತ್ತು, ಅವರಿಗೆ ಕೇಳುತ್ತಿರಲಿಲ್ಲ. ಆ ಮೊಳೆಗೆ ಅಕ್ಕನ ಕನ್ನಡಿ ಇತ್ತು. ಕನ್ನಡಿ ತೆಗೆದೆ, ಮೊಳೆ ಬಿಟ್ಟೆ, ಬರಿಗೋಡೆಗೆ ಒಂದು ಮೊಳೆ ಇದ್ದರೆ ಚೆಂದ ಅಂತ ಫೋಟೋ ತೆಗೆಯಲು ಬಂದ ಕ್ಯಾಮೆರಾದವಳೇ ಅಂದಳು. ಶುರುವಾದದ್ದು ಅವಳಿಂದ, ಹೋದ ವರ್ಷ ಚಳಿ ಮುಗಿಯುತ್ತಾ ಬಂದಾಗ, ಬೆಳಗ್ಗೆ ಹತ್ತು ಗಂಟೆ, ಇದೇ ಬಿಸಿಲು. ಇಲ್ಲ, ಅವಳ ಮೇಲೆ ಹಾಕಬಾರದು, ಅವಳೇನು ಮಾಡಿದಳು ಪಾಪ, ಅವಳ ಅಜ್ಜಿಯ ಕುರ್ಚಿಯ ಬೆತ್ತ ಹರಿದಿತ್ತು, ಹೆಣೆಸಲು ಅಂಗಡಿಗೆ ಬಂದಳು, ನಾನು ಸೀಟಿನ ತೂತಿಗೆ ಬೆತ್ತದ ಸೀಳು ತೂರಿಸುತ್ತಾ ಕೂತಿದ್ದೆ, ಅವಳು ಸುಮ್ಮನೆ ಮಾತಿಗೆ ಕೇಳಿದಳು, ಅಜ್ಜ, ನಿಮಗೆ ಎಷ್ಟು ಅಂಗಿ ಇದೆ, ಎರಡಮ್ಮ, ಒಂದು ಮೈಮೇಲೆ ಒಂದು ಹಗ್ಗದ ಮೇಲೆ, ಅಂದೆ. ಅವಳು ನನ್ನ ಮುಖ ನೋಡಿದ ರೀತಿ! ಅರುವತ್ತೊಂಬತ್ತು ವರ್ಷಕ್ಕೆ ಯಾರೂ ನನ್ನನ್ನು ಹಾಗೆ ನೋಡಿರಲಿಲ್ಲ, ಎರಡನೇ ಕ್ಲಾಸಿಗೇ ಶಾಲೆ ಬಿಟ್ಟವನು, ಮೇಷ್ಟರು ನೋಡಿದ್ದು ಬೇರೆ ಥರ. ಎರಡು ಅಂಗಿ ನಿಜ. ನಾಲ್ಕು ಸ್ವೆಟರು ಇದ್ದವು, ಅಕ್ಕ ಹೆಣೆದದ್ದು, ಅವನ್ನು ಹೇಳಲಿಲ್ಲ, ಅವಳು ಕೇಳಿದ್ದು ಅಂಗಿ ತಾನೇ.

ನಾಳೆ ನಿಮ್ಮ ಮನೆ ನೋಡಬಹುದಾ ಅಜ್ಜ, ಫೋಟೋ ತೆಗೀತೀನಿ, ಅಂದಳು, ಬಾಮ್ಮ ಅಂದುಬಿಟ್ಟೆ, ಮನೆಗೆ ಬಂದು ಬಾಗಿಲಲ್ಲಿ ನಿಂತು ನೋಡಿದೆ. ಎಷ್ಟೊಂದು ಸಾಮಾನು! ಕಿಟಕಿಯ ಮೇಲೆ ಅಕ್ಕನ ಗುಂಡಿಗಳ ಡಬ್ಬ, ನೂಲುಂಡೆಗಳು, ಭಾವನ ಕಾಲದ ರೇಡಿಯೋ, ಗಡಿಯಾರ, ಕೊಡೆ, ಮಂಡಿಗೆ ಶಾಖ ಕೊಡುವ ರಬ್ಬರ್ ಚೀಲ, ಮಾತ್ರೆಗಳ ಪೆಟ್ಟಿಗೆ, ಎರಡು ಕಂಬಳಿ, ಆ ನಾಲ್ಕು ಸ್ವೆಟರು, ಮೂರು ದಿಂಬು, ಕುಕ್ಕರು, ಕನ್ನಡಿ, ಹಳೇ ಕ್ಯಾಲೆಂಡರುಗಳು, ಚಿತ್ರ ಚೆನ್ನಾಗಿದೆ ಅಂತ ಎಸೆಯದೆ ಇಟ್ಟಿದ್ದು. ಅಕ್ಕಾ, ಇವನ್ನೆಲ್ಲ ಒಂದು ಅರ್ಧ ಗಂಟೆ ಆಚೆ ಇಡೋಣ್ವಾ ಅಂದೆ. ಅಕ್ಕ ಸೊಪ್ಪು ಬಿಡಿಸುತ್ತಿದ್ದವಳು ತಲೆ ಎತ್ತಿ ನಕ್ಕಳು, ಏನೋ ಕಡ್ಡಿ, ಮನೆ ಖಾಲಿ ಮಾಡ್ತಿದೀವಾ, ನನಗೆ ಹೇಳೇ ಇಲ್ಲ! ಕಡ್ಡಿ ಅಂದರೆ ನಾನು, ಸಣ್ಣವನಿದ್ದಾಗ ಇದ್ದ ಮೈಯಿಂದ ಬಂದ ಹೆಸರು, ಈಗಲೂ ಅದೇ ಮೈ. ಅವಳೇ ಹಾಸಿಗೆಯ ಚಾದರ ಹಾಸಿ ಎಲ್ಲ ಅದರಲ್ಲಿ ಪೇರಿಸಿದಳು, ನಾಲ್ಕು ಮೂಲೆ ಎಳೆದು ಗಂಟು ಹಾಕಿದಳು, ಹೊತ್ತುಕೊಂಡು ಮೆಟ್ಟಿಲ ಮೇಲೆ ನಿಂತಳು, ಕೆಳಗಿಡೆ ಅಂದರೆ ಮೆಟ್ಟಿಲು ಒದ್ದೆ ಕಣೋ, ಚಾದರ ಕೊಳೆಯಾಗತ್ತೆ ಅಂದಳು. ನೀನೂ ಸ್ವಲ್ಪ ಆಚೆನೇ ಇರು ಅಂದದ್ದು ನಾನು. ಅವಳಾಗಿ ಹೋಗಲಿಲ್ಲ. ಎಷ್ಟು ಸಲ ತಿರುಗಿಸಿ ನೋಡಿದರೂ ಆ ಮಾತು ನನ್ನ ಬಾಯಿಂದಲೇ ಬರುತ್ತದೆ, ನೀನೂ ಸ್ವಲ್ಪ ಆಚೆನೇ ಇರು, ಕ್ಯಾಮೆರಾದವಳಿಗೆ ಇಂಥವಳೊಬ್ಬಳು ಇದ್ದಾಳೆಂದೇ ಗೊತ್ತಿರಲಿಲ್ಲ.

ಪತ್ರಿಕೆ ಬಂತು, ಹೊಳೆಯುವ ಕಾಗದ, ಅಕ್ಷರ ಕೂಡಿಸಿ ಕೂಡಿಸಿ ಓದಿದೆ, ಒಂದು ತಟ್ಟೆ ಒಂದು ಲೋಟ ಒಂದು ಕುರ್ಚಿಯ ಮನುಷ್ಯ. ನಾನು ಕುರ್ಚಿಯ ಮೇಲೆ, ಹಿಂದೆ ಬರಿಗೋಡೆ, ಮೊಳೆ, ಬಲಗಡೆ ಅಂಚಿನಲ್ಲಿ ತೆರೆದ ಬಾಗಿಲು. ಅಕ್ಕ ಕನ್ನಡಕ ಏರಿಸಿ ನೋಡಿ ನೋಡಿ, ನೋಡೋ ಇಲ್ಲಿ, ನಾನೂ ಬಂದಿದೀನಿ ಅಂದಳು. ಎಲ್ಲಿ? ಅಯ್ಯೋ ಇಲ್ಲಿ ಕಣೋ, ಬಾಗಿಲ ಚೌಕಟ್ಟಿನ ಮೇಲೆ, ನನ್ನ ಬೆರಳು! ಹೌದು, ನಾಲ್ಕು ಬೆರಳು, ಮಂಡಿ ನೋವಿಗೆ ಆಧಾರಕ್ಕೆ ಹಿಡಿದದ್ದು, ಉಂಗುರದ ಬೆರಳಿನ ಮೇಲೆ ಗಾಯದ ಗೀಟು ಕೂಡ ಕಾಣುತ್ತದೆ, ನೆನೆಹಾಕಿದ ನನ್ನ ಬೆತ್ತ ನೀರಿನಿಂದ ತೆಗೆದು ಒರೆಸಿಕೊಡುವಾಗ ಕೊಯ್ದದ್ದು. ಅಕ್ಕ ನಕ್ಕೂ ನಕ್ಕೂ ಕಣ್ಣೊರೆಸಿಕೊಂಡಳು, ಪರವಾಗಿಲ್ಲ, ಕಾಲು ಭಾಗ ಫೇಮಸ್ ಆದೆ ಅಂದಳು. ನಾನೂ ನಕ್ಕೆ. ಆಗ ನಾಚಿಕೆ ಆಗಲಿಲ್ಲ, ಅದೇ ಈಗಿನ ನಾಚಿಕೆ.

ಆಮೇಲೆ ಜನ ಬರತೊಡಗಿದರು, ಮೊದಲು ಇಬ್ಬರು, ಆಮೇಲೆ ಗುಂಪು, ಆಫೀಸುಗಳಿಂದ, ದೊಡ್ಡ ದೊಡ್ಡ ಮನೆಗಳಿಂದ, ಚಪ್ಪಲಿ ಬಿಟ್ಟು ಒಳಗೆ ಬಂದು ನೆಲದ ಮೇಲೆ ಕೂರುತ್ತಿದ್ದರು, ಎಷ್ಟು ಹಗುರ ಅನ್ಸತ್ತೆ ಇಲ್ಲಿ ಅನ್ನುತ್ತಿದ್ದರು, ಒಬ್ಬಳು ಅತ್ತೇಬಿಟ್ಟಳು, ನಮ್ಮನೇಲಿ ಕಾಲಿಡೋಕೆ ಜಾಗ ಇಲ್ಲ ಅಜ್ಜ, ಹೇಗೆ ಬದುಕೋದು ಹೇಳಿ. ನಾನು ಹೇಳುತ್ತಿದ್ದೆ! ಯಾವ ಬಾಯಲ್ಲಿ ಹೇಳುತ್ತಿದ್ದೆನೋ. ಬೇಕು ಅನ್ನೋದನ್ನ ಒಂದೊಂದೇ ಆಚೆ ಇಡಿ, ಮನಸ್ಸು ತಾನಾಗಿ ಹಗುರ ಆಗತ್ತೆ. ಆಚೆ ಇಟ್ಟದ್ದನ್ನು ಆಚೆ ಒಬ್ಬಳು ಹೊತ್ತುಕೊಂಡು ನಿಂತಿದ್ದಳು. ಪ್ರತಿ ಸಲವೂ ಚಾದರ, ಪ್ರತಿ ಸಲವೂ ಗಂಟು, ಅವರು ಹೋದ ಮೇಲೆ ಗಂಟು ಬಿಚ್ಚಿ ಒಂದೊಂದನ್ನೇ ಅದರದರ ಜಾಗದಲ್ಲಿಟ್ಟು ಅಡಿಗೆಗೆ ಕೂರುವುದು, ಬರಬರುತ್ತಾ ಅರ್ಧ ಸಾಮಾನು ಗಂಟಿನಲ್ಲೇ ಉಳಿಯಿತು, ಹೇಗೂ ನಾಳೆ ಮತ್ತೆ ಕಟ್ಟಬೇಕಲ್ಲ ಅಂದಳು, ರೇಡಿಯೋ ಹಾಡುವುದು ನಿಂತಿತು, ನನಗೆ ಗೊತ್ತಾಗಲೇ ಇಲ್ಲ. ಕೆಳಗಿನ ಇಸ್ತ್ರಿಯವನು ಮಾತ್ರ ಬಿಡಲಿಲ್ಲ, ಏನಜ್ಜ, ಇವತ್ತೂ ಪ್ರದರ್ಶನವಾ, ಅಕ್ಕಮ್ಮ ಮೆಟ್ಟಿಲ ಮೇಲೆ ಮೂಟೆ ಹಿಡ್ಕೊಂಡು ನಿಂತಿದ್ರು, ಬಸ್ಸಿಗೆ ಕಾಯ್ತಿದೀರಾ ಅಂತ ಕೇಳ್ದೆ, ಹೌದಪ್ಪಾ, ಡ್ರೈವರು ಒಳಗೆ ಭಾಷಣ ಮಾಡ್ತಿದಾನೆ, ಮುಗಿದ ಮೇಲೆ ಹೊರಡತ್ತೆ ಅಂದ್ರು! ಬೀದಿಯವರೆಲ್ಲ ನಕ್ಕರು. ನನಗೆ ಸಿಟ್ಟು ಬಂತು, ಮೇಲೆ ಬಂದು ಅಕ್ಕನ ಮೇಲೆ ರೇಗಿದೆ, ಕಂಡೋರ ಹತ್ರ ಏನೇನೋ ಮಾತಾಡ್ಬೇಡ, ನನ್ನ ಮರ್ಯಾದೆ ಏನಾಗಬೇಕು. ಅವಳು ನನ್ನ ಒಂದು ತಟ್ಟೆಗೆ ಅನ್ನ ಬಡಿಸಿದಳು. ಅವಳು ಪಾತ್ರೆಯಲ್ಲೇ ಉಣ್ಣುತ್ತಾಳೆ, ಯಾವಾಗಿನಿಂದ, ಯಾವಾಗಿನಿಂದಲೂ. ನಾನು ಕುರ್ಚಿಯಲ್ಲಿ, ಅವಳು ಬೋರಲು ಹಾಕಿದ ಬಕೆಟ್ಟಿನ ಮೇಲೆ. ಸಾವಿರಾರು ಕುರ್ಚಿಗೆ ಬೆತ್ತ ಹಾಕಿದವನು ನಾನು, ಊರಿಗೆಲ್ಲ ಕೂರಲು ಜಾಗ ಮಾಡಿಕೊಟ್ಟವನು, ಬೆತ್ತದ ಹೊಳಪಿನ ಮುಖ ಮೇಲೆ ಬರಬೇಕು, ಗಂಟೆಲ್ಲ ಕೆಳಗೆ ಹೋಗಬೇಕು, ಕೂರುವವರು ಯಾರೂ ಕುರ್ಚಿ ಮಗುಚಿ ನೋಡುವುದಿಲ್ಲ — ಮಂಡಿ ನೋವಿನ ಅಕ್ಕ ಬಕೆಟ್ಟಿನ ಮೇಲೆ.

ಮೊಳೆಗೆ ಬಿಸಿಲು ತಾಗಿತು. ಐದು ಜನ ಬರುತ್ತಾರೆ ಇವತ್ತು, ಮುಂಚೆಯೇ ಮಾತಾಗಿತ್ತು, ಬರಬೇಡಿ ಅನ್ನಲು ಯಾರಿಗೆ ಹೇಳಲಿ, ಹೇಗೆ ಹೇಳಲಿ. ಕೆಮ್ಮು ಬೇರೆ. ಕಿಟಕಿಯಲ್ಲಿ ಬಾಟಲಿ ಇದೆ, ಚಮಚ ಇದೆ, ಎಷ್ಟು ಚಮಚ ಅನ್ನುವುದು ಗೊತ್ತಿಲ್ಲ, ಅಕ್ಕ ಕುಡಿಸುತ್ತಿದ್ದಳು, ನಾನು ಬಾಯಿ ತೆರೆಯುತ್ತಿದ್ದೆ ಅಷ್ಟೆ, ಚೀಟಿಯ ಅಕ್ಷರ ಇರುವೆಯಷ್ಟು. ಬುಧವಾರವೂ ಇದೇ ಕೆಮ್ಮು, ಹತ್ತು ಜನ ಕೂತಿದ್ದರು, ಯಾವುದೋ ಆಫೀಸಿನವರು, ಅವರ ದೊಡ್ಡವನು ಕೇಳಿದ, ಆರೋಗ್ಯ ಹೇಗೆ ಅಜ್ಜ, ಔಷಧಿ ಗಿಷಧಿ? ನಾನು ಅಂದೆ, ಔಷಧಿ ಮುಟ್ಟಿದವನಲ್ಲ, ಕಡಿಮೆ ತಿಂತೀನಿ, ಕಡಿಮೆ ಇಟ್ಕೋತೀನಿ, ಅದೇ ಔಷಧಿ. ಎಲ್ಲರೂ ತಲೆದೂಗಿದರು, ಅಷ್ಟರಲ್ಲಿ ಕೆಮ್ಮು ಹಿಡಿಯಿತು, ಬಿಡಲೇ ಇಲ್ಲ, ಕಣ್ಣಲ್ಲಿ ನೀರು, ಕುರ್ಚಿಯ ಕೈ ಹಿಡಿದುಕೊಂಡೆ, ಒಬ್ಬ ನೀರು ನೀರು ಅನ್ನುತ್ತಾನೆ, ಆಚೆ ಮೆಟ್ಟಿಲ ಮೇಲೆ ಗಂಟು ಬಿಚ್ಚುವ ಸದ್ದು, ಗುಂಡಿ ಡಬ್ಬ ಉರುಳಿದ ಸದ್ದು, ಮೊದಲು ಚೌಕಟ್ಟಿನ ಮೇಲೆ ಬೆರಳು ಬಂದವು, ಆಮೇಲೆ ಅಕ್ಕ, ಸೆರಗು ಜಾರಿದ್ದು ನೋಡಿಕೊಳ್ಳದೆ, ಒಂದು ಕೈಲಿ ಬಾಟಲಿ, ಬಾಯಲ್ಲಿ ಚಮಚ ಕಚ್ಚಿಕೊಂಡು, ಜನರ ನಡುವೆ ಕಾಲಿಡುತ್ತಾ ನನ್ನ ಹತ್ತಿರ. ದೊಡ್ಡವನು ಕೇಳಿದ, ಇವರು ಯಾರು ಅಜ್ಜ? ಕೆಮ್ಮು ಆಗಲೇ ನಿಂತಿತ್ತು. ನಿಂತಿತ್ತು, ಉಸಿರು ಇತ್ತು, ಸುಳ್ಳು ಹೇಳಬೇಡ, ಯೋಚಿಸುವಷ್ಟು ಹೊತ್ತು ಇತ್ತು. ಪಕ್ಕದ ಮನೆಯವರು, ಅಂದೆ.

ಈ ಮಹಡಿಯಲ್ಲಿ ಪಕ್ಕದ ಮನೆಯೇ ಇಲ್ಲ. ಪಕ್ಕದಲ್ಲಿರುವುದು ನೀರಿನ ಟ್ಯಾಂಕು. ಅಕ್ಕ ಚಮಚ ಬಾಯಿಂದ ತೆಗೆದಳು, ಸೆರಗಿನಲ್ಲಿ ಒರೆಸಿದಳು, ಬಾಟಲಿ ಚಮಚ ಎರಡನ್ನೂ ಕಿಟಕಿಯಲ್ಲಿಟ್ಟಳು, ಔಷಧಿ ಇಲ್ಲಿದೆ, ತಗೊಳ್ಳಿ, ನಾನು ಬರ್ತೀನಿ, ಅಂದಳು, ಪಕ್ಕದ ಮನೆಯವರು ಹೇಗೆ ಅನ್ನುತ್ತಾರೋ ಹಾಗೇ, ಅಷ್ಟೇ ಮರ್ಯಾದೆಯಿಂದ. ಮೆಟ್ಟಿಲ ಮೇಲೆ ಗುಂಡಿಗಳನ್ನು ಒಂದೊಂದಾಗಿ ಹೆಕ್ಕಿದ ಸದ್ದು, ಗಂಟು ಬಿಗಿದ ಸದ್ದು, ಆಮೇಲೆ ಇಳಿಯುವ ಹೆಜ್ಜೆ, ಮಂಡಿ ನೋವಿನವಳ ಹೆಜ್ಜೆ, ಒಂದು ಮೆಟ್ಟಿಲಿಗೆ ಎರಡೂ ಕಾಲು. ಕಟ್ಟುವ ಕೆಲಸವೇ ಇರಲಿಲ್ಲ ಅವಳಿಗೆ, ಎಲ್ಲ ಕಟ್ಟಿಯೇ ಇತ್ತು, ನಾನೇ ಕಟ್ಟಿಸಿದ್ದು, ವರ್ಷವಿಡೀ. ನಾನು ಮಾತು ಮುಂದುವರಿಸಿದೆ. ಅವರು ಹೊರಡುವವರೆಗೂ ಕೂತೇ ಇದ್ದೆ, ಕಾಫಿ ಕೂಡ ಬೇಡ ಅನ್ನುತ್ತೀನಿ ನಾನು, ಅಂತ ಏನೋ ಹೇಳುತ್ತಿದ್ದೆ, ಅವರು ಬರೆದುಕೊಳ್ಳುತ್ತಿದ್ದರು.

ಈಗ ನಿಜವಾಗಿಯೂ ಒಂದು ತಟ್ಟೆ ಒಂದು ಲೋಟ. ಮೊದಲ ದಿನ ಬೆಂಕಿಪೊಟ್ಟಣ ಸಿಗಲಿಲ್ಲ. ಎರಡನೇ ದಿನ ಸಿಕ್ಕಿತು, ಅನ್ನ ಸೀದಿತು, ಉಪ್ಪು ಎಲ್ಲಿಡುತ್ತಿದ್ದಳೋ. ಬೆಳಗಿನ ಜಾವ ಚಳಿಗೆ ಎದ್ದು ಕೂತರೆ ಹೊದೆಯಲು ಎರಡು ಅಂಗಿ. ಸರಳವಾಗಿ ಬದುಕುವುದು ಬರುತ್ತಿದ್ದದ್ದು ಅವಳಿಗೆ, ನನಗೆ ಅದರ ಮಾತು ಬರುತ್ತಿತ್ತು, ಅಷ್ಟೆ. ನಿನ್ನೆ ಅಂಗಡಿಯಲ್ಲಿ ಕೂತು ಯಾರೂ ತೆಗೆದುಕೊಂಡು ಹೋಗದ ಹಳೇ ಕುರ್ಚಿಯೊಂದಕ್ಕೆ ಹೊಸ ಬೆತ್ತ ಹಾಕಿ ಮುಗಿಸಿದೆ, ಮೂರು ದಿನದ ಕೆಲಸ, ಉದ್ದಕ್ಕೆ ಎರಡು ಸಲ, ಅಡ್ಡಕ್ಕೆ ಎರಡು ಸಲ, ಓರೆಗೆ ಎರಡು ಸಲ, ಗಂಟುಗಳನ್ನು ಕೂಡ ಒಂದೊಂದೇ ತೀಡಿದೆ, ತಲೆಯ ಮೇಲೆ ಹೊತ್ತು ಎರಡು ಬೀದಿ ಆಚೆ ನರ್ಸಮ್ಮನ ಮನೆಗೆ ಹೋದೆ, ಅಕ್ಕನ ಗೆಳತಿ, ಕೆಲಸ ಬಿಟ್ಟು ಹತ್ತು ವರ್ಷವಾಯಿತು, ಒಂಟಿ, ಅಕ್ಕ ಅಲ್ಲೇ ಇದ್ದಾಳೆಂದು ಇಸ್ತ್ರಿಯವನು ಹೇಳಿದ್ದ. ನರ್ಸಮ್ಮ ಅರ್ಧ ಬಾಗಿಲು ತೆರೆದಳು. ಯಾರು ಬೇಕಿತ್ತು? ಅಕ್ಕ, ಅಂದೆ. ಯಾರ ಅಕ್ಕ? ಕುರ್ಚಿ ತಲೆಯ ಮೇಲೆಯೇ ಇತ್ತು, ಒಳಗೆ ರೇಡಿಯೋ ಹಾಡುತ್ತಿತ್ತು, ಭಾವನ ರೇಡಿಯೋ, ಆ ಗೊರ ಗೊರ ನನಗೆ ಗೊತ್ತು, ನನ್ನ ಅಕ್ಕ ಅನ್ನಬೇಕಿತ್ತು, ಎರಡೇ ಮಾತು, ಗಂಟಲಿಗೆ ಬಂದದ್ದು ಕೆಮ್ಮು. ಒಳಗೆ ರೇಡಿಯೋ ಸಣ್ಣಗಾಯಿತು. ಒಳಗಿನಿಂದ ಅಕ್ಕನ ದನಿ, ಮೆಲ್ಲಗೆ, ದಿನಕ್ಕೆ ಎರಡು ಸಲ ಅಂತ ಹೇಳೇ ಅವನಿಗೆ. ನರ್ಸಮ್ಮ ಹೇಳಿದಳು, ಕೇಳಿಸ್ತಲ್ಲ, ದಿನಕ್ಕೆ ಎರಡು ಸಲ. ಬಾಗಿಲು ಹಾಕಿದಳು. ಕುರ್ಚಿ ಅಲ್ಲೇ ಬಿಟ್ಟು ಬಂದೆ. ದಿನಕ್ಕೆ ಎರಡು ಸಲ ಸರಿ, ಎಷ್ಟು ಚಮಚ?

ಈ ಕೋಣೆ ಅಕ್ಕನದು. ಅದನ್ನು ಯಾರಿಗೂ ಹೇಳಿಲ್ಲ, ನನಗೇ ಮರೆತಿತ್ತು ಅನ್ನಬೇಕು. ಭಾವ ಇದ್ದಾಗ ಅವರಿಬ್ಬರೂ ಹಿಡಿದ ಕೋಣೆ, ಭಾವ ತೀರಿಕೊಂಡ ವರ್ಷ ನಾನು ಒಂದು ಕೈಚೀಲ ಹಿಡಿದು ಇದೇ ಬಾಗಿಲಲ್ಲಿ ನಿಂತೆ, ಕೆಲಸ ಇರಲಿಲ್ಲ, ನೆಲೆ ಇರಲಿಲ್ಲ, ಒಳಗೆ ಬರಲೋ ಬೇಡವೋ ಅಂತ ಚೌಕಟ್ಟು ಹಿಡಿದು ನಿಂತಿದ್ದೆ, ಅಕ್ಕ ನನ್ನ ಬೆರಳು ಬಿಡಿಸಿ ಒಳಗೆ ಎಳೆದುಕೊಂಡಳು, ಬಾರೋ ಕಡ್ಡಿ, ಇದೇನು ಪರರ ಮನೆಯಾ. ಭಾವನ ಬಟ್ಟೆಗಳನ್ನು ಒಂದೇ ಮೂಲೆಗೆ ಸರಿಸಿ ನನಗೆ ಗೂಡಿನಲ್ಲಿ ಜಾಗ ಮಾಡಿದಳು. ಮೂವತ್ತೊಂದು ವರ್ಷ. ಬರಲಿ ಇವರು, ಇವತ್ತು ಹೇಳಿಬಿಡುತ್ತೇನೆ, ಇದು ನನ್ನ ಅಕ್ಕನ ಮನೆ, ನಾನು ಇಲ್ಲಿ ಅವಳ ಆಸರೆಯಲ್ಲಿ ಇದ್ದವನು, ಅಷ್ಟು ಹೇಳಿದರೆ ಆಯಿತು, ಆಮೇಲೆ ನರ್ಸಮ್ಮನ ಬಾಗಿಲಿಗೆ ಹೋದರೆ ಗಂಟಲು ಬಿಟ್ಟೀತು, ಯಾರ ಅಕ್ಕ ಅಂದರೆ ನನ್ನ ಅಕ್ಕ ಅಂದೇನು. ಕೆಳಗೆ ಇಸ್ತ್ರಿಯವನ ದನಿ, ಹತ್ತಿ ಹತ್ತಿ, ಮೇಲೇ ಇದಾರೆ, ಇವತ್ತು ಮೆಟ್ಟಿಲಲ್ಲಿ ಯಾರೂ ಅಡ್ಡ ಇಲ್ಲ, ಆರಾಮಾಗಿ ಹೋಗಿ! ಹೆಜ್ಜೆಗಳು, ಎಳೆಯ ಹೆಜ್ಜೆಗಳು, ಒಂದು ಮೆಟ್ಟಿಲಿಗೆ ಒಂದೇ ಕಾಲು, ಇಷ್ಟು ಬೇಗ ಹತ್ತುತ್ತಾರೆ, ಮೊಳೆಯ ನೆರಳು ಬಿತ್ತು, ಹತ್ತು ಗಂಟೆ, ಒಳಗೆ ಬರಬಹುದಾ ಅಜ್ಜ, ಅಯ್ಯೋ ಎಷ್ಟು ಖಾಲಿಯಾಗಿದೆ, ಎಷ್ಟು ಚೆನ್ನಾಗಿದೆ ಅಲ್ವಾ, ಅನ್ನುತ್ತಾಳೆ ಮುಂದಿದ್ದವಳು, ಚಪ್ಪಲಿ ಬಿಡಲು ಬಗ್ಗಿ ಚೌಕಟ್ಟು ಹಿಡಿಯುತ್ತಾಳೆ, ಅದೇ ಜಾಗದಲ್ಲಿ, ನುಣ್ಣನೆಯ ಬೆರಳು, ಇವಲ್ಲ, ಅಲ್ಲಿದ್ದದ್ದು ಇವಲ್ಲ, ಗೆಣ್ಣು ಊದಿದ ಬೆರಳು, ಗಾಯದ ಗೀಟು, ಒತ್ತಿ ಹಿಡಿದು ಬಿಳಿಚಿದ ಉಗುರು, ನೀವೊಬ್ಬರೇನಾ ಇರೋದು ಅಜ್ಜ, ಅನ್ನುತ್ತಾಳೆ, ಬಾಯಿ ತೆರೆಯುತ್ತೇನೆ, ನಾಲ್ಕು ಬೆರಳು, ಚೌಕಟ್ಟಿನ ಮೇಲೆ ನಾಲ್ಕು ಬೆರಳು — ಅಲ್ಲಮ್ಮ — ನಾಲ್ಕು ಬೆರಳು — ನನ್ನ ಅಕ್ಕ ಇದ್ದಳು, ಹೋದಳು, ಬುಧವಾರ.