ಇಷ್ಟದ ಗೋಡೆ

ಒಂದು ಪಟ್ಟಣದಲ್ಲಿ ರಾಜಾಜ್ಞೆಗಳನ್ನು ಅರಮನೆಯ ಹೊರಗೋಡೆಯ ಮೇಲೆ ಬರೆಯುತ್ತಿದ್ದರು. ಆಜ್ಞೆ ಯಾರಿಗೆ ಸಂಬಂಧಿಸಿದ್ದೋ ಅವರು ಗೋಡೆಯ ಮುಂದೆ ನಿಂತು ಅದನ್ನು ಗಟ್ಟಿಯಾಗಿ ಓದಬೇಕು. ಗೋಡೆಯ ಅಧಿಕಾರಿ ಒಂದೊಂದು ಪದದ ಮೇಲೂ ಕೋಲಿಟ್ಟು ತಾಳೆ ನೋಡಬೇಕು. ಆಮೇಲಷ್ಟೇ ಆಜ್ಞೆ ಜಾರಿ. ಓದದ ಆಜ್ಞೆ ಆಜ್ಞೆಯೇ ಅಲ್ಲ ಎಂದು ರಾಜರ ಮುತ್ತಾತ ಯಾವುದೋ ಒಳ್ಳೆಯ ಗಳಿಗೆಯಲ್ಲಿ ಅಂದುಬಿಟ್ಟಿದ್ದರು.

ಪ್ರಜೆಗಳು ಆಜ್ಞೆಗಳ ಬಗ್ಗೆ ಗೊಣಗತೊಡಗಿದಾಗ ರಾಜರು ಉದಾರವಾಗಿ ಯೋಚಿಸಿದರು. ಆಜ್ಞೆಯನ್ನು ಬದಲಿಸುವುದಂತೂ ಆಗದ ಮಾತು. ಅದು ಕಾಣುವ ಬಗೆಯನ್ನಾದರೂ ಅವರವರ ಇಷ್ಟಕ್ಕೆ ಬಿಡೋಣ ಎಂದರು. ಅಂದಿನಿಂದ ಗೋಡೆಯ ಬಳಿ ಬಣ್ಣಗಾರರ ದಂಡೇ ನಿಂತಿತು. ಪ್ರಜೆಯೊಬ್ಬ ಬೀದಿಯ ತಿರುವಿನಲ್ಲಿ ಕಂಡದ್ದೇ ತಡ, ಹಿಂದಿನವನ ಗೋಡೆಯನ್ನು ಅಳಿಸಿ, ಇವನ ಇಷ್ಟವನ್ನು ನೆನಪಿಸಿಕೊಂಡು, ಅವನು ಹತ್ತಿರ ಬರುವಷ್ಟರಲ್ಲಿ ಹೊಸದಾಗಿ ಬಳಿದು ಬರೆದಿರುತ್ತಿದ್ದರು. ಮದುವಣಗಿತ್ತಿಯೊಬ್ಬಳು ಗಿಳಿಗಳ ಅಂಚು ಕೇಳಿದಳು. ಗರಡಿಯ ಪೈಲ್ವಾನ ತನ್ನ ತೊಡೆಯಷ್ಟು ದಪ್ಪದ ಅಕ್ಷರ ಕೇಳಿದ. ಅವನ ಆಜ್ಞೆ ಗೋಡೆ ಸಾಲದೆ ಬೀದಿಯ ಮನೆಗಳ ಮೇಲೂ ಹರಿಯಿತು. ಪಾಪ, ಅವನು ಹೆಮ್ಮೆಯಿಂದ ಓದುತ್ತಾ ಓದುತ್ತಾ ಊರ ಬಾಗಿಲು ದಾಟಿ, ತನ್ನನ್ನು ಗಡಿಪಾರು ಮಾಡಿದ್ದಾರೆಂದು ಅಲ್ಲಿ ತಿಳಿದುಕೊಂಡ.

ಇಡ್ಲಿ ಮಾರುವ ದೇವೀರಮ್ಮ ಮೊದಲ ಸಲ ಕರೆ ಬಂದು ಹೋದಾಗ ಗೋಡೆಯ ಮೇಲೆ ಸಾದಾ ಕಪ್ಪು ಅಕ್ಷರಗಳಿದ್ದವು. ಅರಮನೆಯ ಕಾರಂಜಿಗೆ ನೀರು ಸಾಲದ ಕಾರಣ ಅವಳ ಓಣಿಯ ಒಂದೇ ಒಂದು ಬಾವಿಯನ್ನು ಮುಚ್ಚಿಸಲಾಗುವುದು. ಅವಳು ಅದನ್ನು ಮನಸ್ಸಿನಲ್ಲೇ ಓದಿಕೊಂಡಳು. ಬಾವಿ ಹೋದರೆ ಅವಳ ಒಲೆ ಆರಿದಂತೆಯೇ.

“ಯಾವ ಬಣ್ಣದಲ್ಲಿ ಓದ್ತೀರಿ, ತಾಯಿ?” ಎಂದು ಅಧಿಕಾರಿ ನಯವಾಗಿ ಕೇಳಿದ.

“ಯಾವುದಾದ್ರೂ ಕೇಳಬೋದಾ, ಸ್ವಾಮಿ?”

“ನಿಮ್ಮಿಷ್ಟ.”

“ಹಂಗಾದ್ರೆ ಗೋಡೆಗೆ ಬಿಳಿ ಬಳಿಸಿ. ಅಕ್ಷರಾನೂ ಬಿಳೀದೇ ಇರ್ಲಿ.”

ಅಧಿಕಾರಿ ತಲೆ ಕೆರೆದುಕೊಂಡ. ಬೇಡವೆನ್ನಲು ಯಾವ ನಿಯಮವೂ ಇರಲಿಲ್ಲ. ಬಣ್ಣಗಾರರು ಬಳಿದರು, ಬರೆದರು, ಕೆಳಗಿಳಿದರು.

“ಏನೂ ಕಾಣ್ತಿಲ್ವಲ್ಲ, ಸ್ವಾಮಿ. ನಿಮಗೆ ಕಾಣ್ತದಾ?”

ಅಧಿಕಾರಿ ಪ್ರಾಮಾಣಿಕ. ಕೋಲಿಡಲು ಅವನಿಗೂ ಜಾಗ ಸಿಗಲಿಲ್ಲ. ಬಾವಿ ಉಳಿಯಿತು.

ಸುದ್ದಿ ಊರೆಲ್ಲ ಹಬ್ಬಿತು. ಎಲ್ಲರಿಗೂ ಬಿಳಿಯೇ ಬೇಕಾಯಿತು. ಮದುವಣಗಿತ್ತಿ ಕೂಡ ಗಿಳಿಗಳನ್ನು ಕೈಬಿಟ್ಟಳು. ಒಂದು ಆಜ್ಞೆಯೂ ಜಾರಿಯಾಗಲಿಲ್ಲ. ಬಣ್ಣಗಾರರು ಮಾತ್ರ ಬಿಳಿಯ ಮೇಲೆ ಬಿಳಿಯಲ್ಲಿ ಮೊದಲಿನಷ್ಟೇ ಶ್ರದ್ಧೆಯಿಂದ ಬರೆಯುತ್ತಿದ್ದರು. ಪ್ರಜೆಗಳೆಲ್ಲರೂ ಒಂದೇ ಬಣ್ಣವನ್ನು ಮೆಚ್ಚಿದ್ದಾರೆಂದು ಕೇಳಿ ರಾಜರಿಗೆ ಕಣ್ಣು ತುಂಬಿ ಬಂತು. ಎಲ್ಲರ ಇಷ್ಟವೂ ಗೊತ್ತಾದ ಮೇಲೆ ಮತ್ತೆ ಮತ್ತೆ ಕೇಳಿ ತೊಂದರೆ ಕೊಡುವುದೇಕೆಂದು, ಬಣ್ಣ ಕೇಳುವ ಪದ್ಧತಿಯನ್ನೇ ನಿಲ್ಲಿಸಿದರು.

ಮಳೆಗಾಲದಲ್ಲಿ ಬಾವಿಯ ಒಳಗೋಡೆ ಕುಸಿದು ನೀರೆಲ್ಲ ಕೆಸರಾಯಿತು. ದೇವೀರಮ್ಮ ಅರಮನೆಗೆ ಹೋಗಿ ಅತ್ತಳು. ರಾಜರ ಕರುಳು ಚುರ್ರೆಂದಿತು. ಬಾವಿಯನ್ನು ಅಂದೇ ಸರಿಮಾಡಲು ಆಜ್ಞೆ ಹೊರಡಿಸಿದರು. ಗಾರೆ ಕೆಲಸದವರು ಗೋಡೆಯ ಬಳಿ ಸಿದ್ಧರಾಗಿ ನಿಂತರು.

“ಓದಿ, ತಾಯಿ,” ಎಂದ ಅಧಿಕಾರಿ.

ಗೋಡೆ ಬೆಳ್ಳಗಿತ್ತು.

“ಇದೊಂದು ಸಲ ಕಪ್ಪಲ್ಲಿ ಬರೆಸಿ, ಸ್ವಾಮಿ.”

“ಕೇಳೋ ಪದ್ಧತಿ ಈಗಿಲ್ಲ.”

“ಬಾವಿ ಸರಿಮಾಡಿ ಅಂತ ತಾನೇ ಇರೋದು? ನಾನೇ ಬಾಯಲ್ಲಿ ಹೇಳ್ತೀನಿ.”

“ಕೋಲು ಎಲ್ಲಿಡ್ಲಿ, ತಾಯಿ? ನಿಮ್ಮ ಬಾವಿ ಉಳಿದಿದ್ದೇ ಈ ನಿಯಮದಿಂದ.”

ಗಾರೆಯವರು ಅವಳ ಬಾಯನ್ನೇ ನೋಡುತ್ತಿದ್ದರು. ಕಲಸಿಟ್ಟ ಗಾರೆ ಗಟ್ಟಿಯಾಗುತ್ತಿತ್ತು.

“ಹಂಗಾದ್ರೆ ಈ ಬಣ್ಣ ಬದಲಾಯಿಸಬೇಕಾದ್ರೆ ಏನ್ ಮಾಡ್ಬೇಕು, ಅದನ್ನಾದ್ರೂ ಹೇಳಿ.”

ಅಧಿಕಾರಿಯ ಮುಖ ಅರಳಿತು. ಉತ್ತರ ಗೊತ್ತಿರುವ ಪ್ರಶ್ನೆ ಅವನಿಗೆ ಬಂದು ಬಹಳ ಕಾಲವಾಗಿತ್ತು.

“ಯಾರಿಗೂ ತೊಂದರೆ ಆಗಬಾರದು ಅಂತ ರಾಜರು ಅದನ್ನೆಲ್ಲ ವಿವರವಾಗಿ ಬರೆಸಿದ್ದಾರೆ,” ಎನ್ನುತ್ತಾ ಅವನು ಕೋಲೆತ್ತಿ ಅದೇ ಬಿಳಿ ಗೋಡೆಯ ಎಡಭಾಗವನ್ನು ತೋರಿಸಿದ. “ನಿಧಾನವಾಗಿ ಓದ್ಕೊಳ್ಳಿ, ತಾಯಿ.”