ಬಚ್ಚಿಟ್ಟ ಹೆರಿಗೆ ದಿನಾಂಕ

ಅಮೆರಿಕದ ನಾರ್ತ್‌ವಿಲ್ ಕನ್ನಡಿಗರು ಮನೆಮನೆಯಿಂದ ಅಡುಗೆ ತಂದು ಒಟ್ಟಿಗೆ ಉಣ್ಣುವ ಪಾಟ್‌ಲಕ್‌ನಲ್ಲಿ ಲತಾಶ್ರೀ ತಟ್ಟೆ ಹಿಡಿದು ಬಂದರೆ ಸಾಕು, ಆಫೀಸಿನ ಮಾತೆಲ್ಲ ಗಪ್‌ಚುಪ್. ಹತ್ತಿರದ ಡಿಯರ್‌ಬಾರ್ನ್‌ನಲ್ಲಿ ಕಾರಿನ ಬ್ರೇಕ್‌ಗೆ ಸಾಫ್ಟ್‌ವೇರ್ ಬರೆಯುವ ಕಂಪನಿಯೊಂದರಲ್ಲಿ ಆಕೆ ಎಚ್‌ಆರ್. ಹೋದ ವರ್ಷ ಹನ್ನೊಂದು ಜನರನ್ನು ಕೆಲಸದಿಂದ ತೆಗೆದು ಮನೆಗೆ ಕಳಿಸಿದ ಪತ್ರಗಳಿಗೆ ಅವಳದೇ ಸಹಿ. ನಿರ್ಧಾರ ಮೇಲಿನವರದು, ಕೆಟ್ಟ ಹೆಸರು ಇವಳಿಗೆ. ಅಂದಿನಿಂದ ಜನ ನಗುತ್ತಾರೆ, ಪಕ್ಕದಲ್ಲಿ ಕೂರುವುದಿಲ್ಲ. ಬಿಸಿಬೇಳೆಬಾತ್ ಎಷ್ಟು ರುಚಿಯಿದ್ದರೇನು, ಒಬ್ಬಳೇ ತಿಂದರೆ ಗಂಟಲಲ್ಲಿ ಇಳಿಯಬೇಕಲ್ಲ!

ಆ ಭಾನುವಾರ ಅವಳು ತಟ್ಟೆ ಹಿಡಿದು ಹಿಂದಿನ ಕೋಣೆಗೆ ಹೋದಳು. ಅಲ್ಲಿ ಇನ್ನೊಬ್ಬಳು ಒಂಟಿಯಾಗಿ ಕೂತಿದ್ದಳು. ಅದೇ ಕಂಪನಿಯ ಇಂಜಿನಿಯರ್ ಚೇತನ್‌ನ ಹೆಂಡತಿ ನೀಲಗಂಗಾ. ಮನೆಯೊಳಗೂ ದಪ್ಪ ಕೋಟು ಬಿಚ್ಚಿರಲಿಲ್ಲ. ಆದರೆ ಹೊಟ್ಟೆಯ ಮೇಲೆ ಅದರ ಗುಂಡಿ ಕೂಡುತ್ತಿರಲಿಲ್ಲ.

“ಎಷ್ಟು ತಿಂಗಳು?” ಎಂದಳು ಲತಾಶ್ರೀ ಮೆಲ್ಲಗೆ.

“ಎಂಟು ಮುಗೀಲಿಕ್ಕೆ ಬಂತ್ರಿ. ಯಾರಿಗೂ ಹೇಳಬ್ಯಾಡ್ರಿ ಮೇಡಂ. ಹಿಂದಿನ ಸಲ ಎಲ್ಲಾರಿಗೂ ಹೇಳಿ ಸಿಹಿ ಹಂಚಿದ್ವಿ. ನಾಲ್ಕನೇ ತಿಂಗಳಿಗೆ ಹೋತು. ದೃಷ್ಟಿ ಆತು ಅಂತಾಳ ನಮ್ಮವ್ವ. ಬಾಣಂತನಕ್ಕ ಬರಾಕ ಆಕಿಗೂ ವೀಸಾ ಸಿಗಲಿಲ್ಲ.”

ಲತಾಶ್ರೀ ತಟ್ಟೆ ಕೆಳಗಿಟ್ಟಳು. ಮುಂದಿನ ತಿಂಗಳು ಆರು ವಾರ ದೂರದ ಕೆಂಟಕಿಯ ಕಾರ್ಖಾನೆಗೆ ಹೋಗುವವರ ಪಟ್ಟಿಯಲ್ಲಿ ಮೊದಲ ಹೆಸರೇ ಚೇತನ್‌ನದು. ಪಟ್ಟಿ ಮಾಡಿದವಳು ಅವಳೇ. ಅವನೂ ತುಟಿ ಪಿಟಕ್ ಎನ್ನದೆ ಒಪ್ಪಿದ್ದ.

“ನೋವು ಬಂದ್ರೆ ಆಸ್ಪತ್ರೆಗೆ ಯಾರು ಕರ್ಕೊಂಡು ಹೋಗ್ತಾರೆ?”

“ಊಬರ್ ಐತಲ್ರಿ.”

ಅಷ್ಟರಲ್ಲಿ ಚೇತನ್ ಒಳಗೆ ಬಂದ. ಎಚ್‌ಆರ್ ಮೇಡಂ ಹೆಂಡತಿಯ ಪಕ್ಕ ಕೂತಿರುವುದನ್ನು ಕಂಡು ಬಾಗಿಲಲ್ಲೇ ನಿಂತುಬಿಟ್ಟ.

“ರಜೆ ಕೇಳಿ ಚೇತನ್,” ಎಂದಳು ಲತಾಶ್ರೀ.

“ನೀವು ಕಂಪನಿ ಕಡೆಯೋರು ಮೇಡಂ. ಈಗ ಕೇಳಿದ್ರೆ ಮುಂದಿನ ಲೇಆಫ್ ಲಿಸ್ಟಲ್ಲಿ ನಾನೇ ಇರ್ತೀನಿ. ಕೆಲಸ ಹೋದ್ರೆ ವೀಸಾನೂ ಹೋದ ಹಾಗೇ.”

ಮಾತು ಚುರುಕ್ಕೆಂದು ತಾಗಿತು. ಆದರೂ ಅವಳು ಎದ್ದು ಹೋಗಲಿಲ್ಲ.

“ಹೌದು, ನನಗೆ ಸಂಬಳ ಕೊಡೋದು ಕಂಪನಿ. ಕೆಂಟಕಿ ಕೆಲಸ ನಿಂತ್ರೆ ನಲವತ್ತು ಜನಕ್ಕೆ ಕುತ್ತು. ಆದ್ರೆ ನೀವು ಹೆರಿಗೆ ದಿನ ಎಲ್ಲಾ ಬಿಟ್ಟು ಓಡಿ ಬಂದ್ರೆ ಕೆಲಸ ನಡಿಯುತ್ತಾ? ಈಗ್ಲೇ ಹೇಳಿದ್ರೆ ನಿಮ್ಮ ಬದಲಿಗೆ ನಿಮ್ಮ ಟೀಮಿನ ಕುನಾಲ್‌ನ ರೆಡಿ ಮಾಡಬಹುದು. ನೀವು ಇಲ್ಲಿ ಸೇರಿ ಮೂರು ವರ್ಷ ಆಯ್ತು. ಮಗು ಹುಟ್ಟಿದಾಗ ಹನ್ನೆರಡು ವಾರದ ತನಕ ರಜೆ ತಗೊಳ್ಳೋದು ನಿಮ್ಮ ಹಕ್ಕು. ಅಪ್ಪಂದ್ರಿಗೂ ಇದೆ, ವೀಸಾದಲ್ಲಿರೋರಿಗೂ ಇದೆ. ಸಂಬಳ ಕೊಡಲೇಬೇಕು ಅಂತ ಕಾನೂನಲ್ಲಿಲ್ಲ, ಆದ್ರೆ ರಜೆ ತಗೊಂಡ್ರು ಅಂತ ಕೆಲಸದಿಂದ ತೆಗಿಯೋ ಹಾಗಿಲ್ಲ. ವೀಸಾ ಬಗ್ಗೆ ವಕೀಲರಿಂದ ಬರೆಸಿಕೊಳ್ಳೋಣ.”

“ಹಾಗಿದ್ರೆ ಮ್ಯಾನೇಜರ್‌ಗೆ ನೀವೇ ಹೇಳಿಬಿಡಿ.”

“ಇದು ನಿಮ್ಮ ಮನೆ ಗುಟ್ಟು. ನೀವು ಬಾಯಿ ಬಿಡೋ ತನಕ ನನ್ನ ಬಾಯಿಗೆ ಬೀಗ.”

ಆಗ ನೀಲಗಂಗಾ ಅಂದಳು: “ನನಗ ದೃಷ್ಟಿಗಿಂತ ಒಬ್ಬಾಕಿನ ಆಸ್ಪತ್ರಿಗೆ ಹೋಗೂದು ಹೆದರಿಕಿ ಆಗತೈತ್ರಿ.” ಅವಳು ಅದನ್ನು ಗಂಡನಿಗೆ ಒಮ್ಮೆಯೂ ಹೇಳಿರಲಿಲ್ಲ. ಅವನೂ ಕೇಳಿರಲಿಲ್ಲ.

ಸೋಮವಾರ ಬೆಳಗ್ಗೆಯೇ ಚೇತನ್ ಈಮೇಲ್ ಬರೆದ. ಮ್ಯಾನೇಜರ್ ರಮೇಶ್ ಮೊದಲು ಸಿಡಿಮಿಡಿಗೊಂಡ. “ಕಾರ್ಖಾನೆ ಡೇಟ್ ಬದಲಾಗಲ್ಲ ಲತಾಶ್ರೀ!” ಎಂದ. “ಮಗು ಡೇಟೂ ಬದಲಾಗಲ್ಲ ರಮೇಶ್,” ಎಂದು ಅವಳು ಕೂತು ಹೊಸ ಪಟ್ಟಿ ಮಾಡಿಸಿದಳು. ಚೇತನ್ ಒಂದು ತಿಂಗಳು ಕುನಾಲ್‌ಗೆ ಕೆಲಸ ಕಲಿಸಿದ. ರಜೆ ಶುರುವಾದ ಮೇಲೆ ಅವನಿಗೆ ಯಾರೂ ಫೋನ್ ಮಾಡುವ ಹಾಗಿಲ್ಲ ಎಂದು ಮಾತಾಯಿತು. ಕಾರ್ಖಾನೆಯ ಕೆಲಸ ಎರಡು ದಿನ ತಡವಾಯಿತು, ಅಷ್ಟೇ.

ಹೆರಿಗೆ ಸಲೀಸಾಗಲಿಲ್ಲ. ತುಂಬಾ ರಕ್ತ ಹೋಯಿತು. ಆಪರೇಷನ್ ಕೋಣೆಗೆ ಒಯ್ಯುವಾಗ ನರ್ಸ್ ಕೇಳಿದಳಂತೆ, ಜೊತೆಗೆ ಯಾರಿದ್ದಾರೆ ಎಂದು. “ನಾನಿದೀನಿ” ಎಂದನಂತೆ ಚೇತನ್. ತಾಯಿ, ಮಗಳು ಇಬ್ಬರೂ ಉಳಿದರು. ಅವನು ಇದನ್ನೆಲ್ಲ ಬರೆದು ಕಳಿಸಿದ ನಾಲ್ಕು ಸಾಲಿನ ಮೆಸೇಜನ್ನು ಲತಾಶ್ರೀ ಆಫೀಸಿನ ಬಾಗಿಲು ಹಾಕಿಕೊಂಡು ಓದಿ, ಒಬ್ಬಳೇ ಅತ್ತಳು.

ನಿಮ್ಮ ಮನೆಯಲ್ಲೂ ಹೆರಿಗೆ ಇದೆಯೇ? ಊರಿಗೆಲ್ಲ ಡಂಗುರ ಸಾರಬೇಡಿ. ಆದರೆ ಆಫೀಸಿಗೆ ಮೂವತ್ತು ದಿನ ಮುಂಚೆ ತಿಳಿಸಿ, ರಜೆಗೆ ಅರ್ಹರೇ ಎಂದು ಕೇಳಿ. ಎಚ್‌ಆರ್ ಕೆಲಸದಲ್ಲಿರುವವರೇ, ಯಾರನ್ನಾದರೂ ದೂರ ಕಳಿಸುವ ಮುನ್ನ ಅವರನ್ನು ಒಮ್ಮೆ ಕೂರಿಸಿ, ನೀವು ಹೋದರೆ ಮನೆಗೆ ತೊಂದರೆಯಾಗುತ್ತದೆಯೇ ಎಂದು ಕೇಳಿ. ಉತ್ತರ ಬರುವ ತನಕ ಅಲ್ಲೇ ಕೂತಿರಿ.